ನಿಮ್ಮಪ್ಪ ಆರಿಸದೆ ಬಿಟ್ಟ ಕಾರ್ಡು

ನ್ಯೂ ಟೌನ್, ಭದ್ರಾವತಿ
ಭಾನುವಾರ, ಸೆಪ್ಟೆಂಬರ್ 18, 2022

ಪ್ರೀತಿಯ ತನು,

ನೀನು, ಅಳಿಯಂದಿರು, ಪುನೀತ ಮೂವರೂ ಸುಖವಾಗಿರಲಿ ಎಂದು ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗಲೇ ಕೇಳಿಕೊಂಡು ಈ ಕಾಗದಕ್ಕೆ ಕೂತಿದ್ದೇನೆ. ಒಂದು ವಾರದಿಂದ ನೀನು ಫೋನ್ ಮಾಡಿದಾಗಲೆಲ್ಲ ಒಲೆಯ ಮೇಲೆ ಹಾಲಿದೆ, ಆಮೇಲೆ ಮಾತಾಡುತ್ತೇನೆ ಎಂದು ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಒಬ್ಬಳೇ ಇರುವ ಮನೆಯಲ್ಲಿ ಅಷ್ಟು ಹೊತ್ತು ಕಾಯಿಸುವಷ್ಟು ಹಾಲು ಎಲ್ಲಿಂದ ಬಂತು ಎಂದು ನಿನಗೂ ಅನುಮಾನ ಬಂದೇ ಇರುತ್ತದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಅಳುತ್ತೇನೆ, ಇಬ್ಬರಿಗೂ ಅರ್ಧಂಬರ್ಧ ಅರ್ಥವಾಗುತ್ತದೆ. ಅಲ್ಲದೆ ಇದೆಲ್ಲ ಶುರುವಾದದ್ದೇ ಫೋನಿನಿಂದ, ಅದರ ಮೇಲೆ ನನಗೆ ಈಗ ನಂಬಿಕೆಯಿಲ್ಲ. ಹಿಂದೆ ನಿನಗೆ ಕಾಗದ ಬರೆಯುತ್ತಿದ್ದದ್ದು ನೀನು ಬಿ.ಎಡ್. ಹಾಸ್ಟೆಲಿನಲ್ಲಿದ್ದಾಗ. ಆಗ ನಿಮ್ಮಪ್ಪ ಪಕ್ಕದಲ್ಲೇ ನಿಂತು, ಕೆಳಗೆ ಎರಡು ಸಾಲು ಜಾಗ ಬಿಡು, ನಾನೂ ಬರೀತೀನಿ ಅನ್ನುತ್ತಿದ್ದರು. ನಾನು ತುದಿಯವರೆಗೂ ತುಂಬಿಸಿಬಿಡುತ್ತಿದ್ದೆ. ಪಾಪ, ಅಂಚಿನಲ್ಲಿ ಕಾಗದ ಅಡ್ಡ ತಿರುಗಿಸಿ ‘ಹುಷಾರು ಮಗಳೇ’ ಎಂದಷ್ಟೇ ಬರೆಯುತ್ತಿದ್ದರು.

ಮೊದಲು ಊರ ಸುದ್ದಿ ಹೇಳಿಬಿಡುತ್ತೇನೆ. ಪಕ್ಕದ ಮನೆಯ ಶಾಂತಮ್ಮನಿಗೆ ಮಂಡಿ ನೋವು ಜಾಸ್ತಿಯಾಗಿ ಕೋಲು ಬಂದಿದೆ. ನಡೆಯುವುದಕ್ಕಿಂತ ಹೆಚ್ಚಾಗಿ ಬೀದಿ ನಾಯಿಗಳಿಗೆ ತೋರಿಸಲು ಅದು ಉಪಯೋಗವಾಗುತ್ತಿದೆ. ನಿನ್ನ ಚಿಕ್ಕಪ್ಪ ಕೊಟ್ರಬಸಪ್ಪನ ಮಗ ಜ್ಞಾನೇಶನಿಗೆ ಹೆಣ್ಣು ನೋಡುತ್ತಿದ್ದಾರೆ. ಶಿವಮೊಗ್ಗದ ಮೆಡಿಕಲ್ ಶಾಪಿನ ಕೆಲಸ ಬಿಟ್ಟು ಸ್ವಂತದ್ದು ಹಾಕುತ್ತಾನಂತೆ. ಗಣಪತಿ ಹಬ್ಬಕ್ಕೆ ಬಂದಾಗ ಎಲ್ಲರೆದುರಿಗೆ ಅದೇ ಹಳೆಯ ಕಥೆ ಹೇಳಿ ನಗಿಸಿದ. ಹೋದ ವರ್ಷ ಕೊರೋನಾದಲ್ಲಿ ನನ್ನನ್ನು ಆಂಬುಲೆನ್ಸಿಗೆ ಹತ್ತಿಸುವಾಗ ನಾನು ಅವನ ತೋಳು ಹಿಡಿದು ‘ಚಾರ್ಜರ್ ಟಿವಿ ಪಕ್ಕದಲ್ಲಿದೆ, ಮರೀಬೇಡ’ ಅಂದೆನಲ್ಲ, ಅದು. ದೊಡ್ಡಮ್ಮ ಆಕ್ಸಿಜನ್ ಬಿಟ್ಟರೂ ಚಾರ್ಜರ್ ಬಿಡಲ್ಲ ಎಂದು ಹೇಳಿದ. ನಾನೂ ನಕ್ಕೆ. ಆಗ ನಗಬಹುದಿತ್ತು.

ಈಗ ವಿಷಯಕ್ಕೆ ಬರುತ್ತೇನೆ.

ನಿನ್ನೆಯದಲ್ಲ, ಅದರ ಹಿಂದಿನ ಶನಿವಾರ ಬೆಳಿಗ್ಗೆ ನಿಮ್ಮಪ್ಪನ ಫೋನ್ ಹೊಡೆದುಕೊಂಡಿತು. ಆ ನಂಬರನ್ನು ನಾನು ತೆಗೆಸಿಲ್ಲ, ನಿನಗೆ ಗೊತ್ತು. ಗ್ಯಾಸ್ ಬುಕ್ ಮಾಡಲು ಬೇಕು ಎಂದು ಕೇಳಿದವರಿಗೆ ಹೇಳುತ್ತೇನೆ. ಎತ್ತಿದರೆ ಒಂದು ಹುಡುಗಿಯ ದನಿ. ‘ನಮಸ್ಕಾರ, ನಾನು ಶಿವಮೊಗ್ಗದಿಂದ ಭೂಮಿಕಾ. ಹೋದ ವರ್ಷ ಕೊರೋನಾ ಟೈಮಲ್ಲಿ ಸರ್ವೆ ಮಾಡಿದ್ವಲ್ಲ, ಅದರ ಎರಡನೇ ರೌಂಡು. ಅಪ್ಪಾಜಿ ಇದ್ದಾರಾ?’ ಅಂದಳು. ಇಲ್ಲ ಅಂದೆ. ಯಾವಾಗ ಫೋನ್ ಮಾಡಿದರೆ ಸಿಗುತ್ತಾರೆ ಎಂದು ಕೇಳಿದಳು. ನನಗೆ ಎಲ್ಲಿತ್ತೋ ಕೋಪ. ಯಾವ ನಂಬರಿಗೆ ಮಾಡಿದರೆ ಸಿಗುತ್ತಾರೋ ನನಗೂ ಸ್ವಲ್ಪ ಹೇಳಮ್ಮ, ಒಂದು ವರ್ಷದಿಂದ ಹುಡುಕುತ್ತಿದ್ದೇನೆ ಅಂದುಬಿಟ್ಟೆ.

ಈ ಸರ್ವೆ ವಿಷಯ ನಿನಗೆ ಪೂರ್ತಿ ಗೊತ್ತಿಲ್ಲ, ಹೇಳುತ್ತೇನೆ ಕೇಳು. 2021ರ ಫೆಬ್ರವರಿ ಅದು. ಮೊದಲನೇ ಅಲೆ ಇಳಿದು, ಕೊರೋನಾ ಹೋಯಿತು ಎಂದು ಜನ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ಮದುವೆಗಳಿಗೆ ಓಡಾಡುತ್ತಿದ್ದ ಕಾಲ. ಶಿವಮೊಗ್ಗದಲ್ಲಿ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಒಂದು ಸಣ್ಣ ತಂಡವಿದೆ. ಕಾಯಿಲೆ ಬಂದರೆ ಜನರಿಗೆ ಎಂಥ ಚಿಕಿತ್ಸೆ ಬೇಕು ಎಂಬುದನ್ನು ಯಾವಾಗಲೂ ದೊಡ್ಡವರೇ ಊಹಿಸಿಕೊಂಡು ನಿರ್ಧಾರ ಮಾಡುತ್ತಾರೆ, ಜನರನ್ನೇ ಕೇಳಿದರೆ ಏನು ಹೇಳುತ್ತಾರೆ ನೋಡೋಣ ಎಂಬುದು ಅವರ ಕೆಲಸ. ಬೇರೆ ಕಾಲವಾಗಿದ್ದರೆ ಮನೆಗೇ ಬಂದು ಎದುರು ಕೂತು ಕೇಳುತ್ತಿದ್ದರಂತೆ. ಕೊರೋನಾ ಆದ್ದರಿಂದ ಕಾರ್ಡುಗಳನ್ನು ಪೋಸ್ಟಿನಲ್ಲಿ ಕಳಿಸಿ, ಫೋನಿನಲ್ಲಿ ಪ್ರಶ್ನೆ ಕೇಳಿದರು. ನಮ್ಮ ಮನೆಗೂ ಒಂದು ಕವರ್ ಬಂತು.

ಕಾರ್ಡುಗಳು ಜೋಡಿ ಜೋಡಿಯಾಗಿದ್ದವು. ಪ್ರತಿಯೊಂದರ ಮೇಲೂ ಮೂರು ವಿಷಯ. ಚಿಕಿತ್ಸೆ ಮನೆಯಲ್ಲೋ ಆಸ್ಪತ್ರೆಯಲ್ಲೋ, ಮನೆಯವರು ಪಕ್ಕದಲ್ಲಿ ಇರಬಹುದೋ ಇಲ್ಲವೋ, ಮತ್ತೆ ಹತ್ತು ಪುಟ್ಟ ಗೊಂಬೆಗಳು. ಹತ್ತು ಜನಕ್ಕೆ ಕಾಯಿಲೆ ಬಂದರೆ ಎಷ್ಟು ಜನ ಗುಣವಾಗುತ್ತಾರೋ ಅಷ್ಟು ಗೊಂಬೆಗೆ ಹಸಿರು ಬಣ್ಣ. ಆಸ್ಪತ್ರೆಯ ಕಾರ್ಡಿನಲ್ಲಿ ಸಾಮಾನ್ಯವಾಗಿ ಹಸಿರು ಜಾಸ್ತಿ, ಆದರೆ ಪಕ್ಕದಲ್ಲಿ ಯಾರೂ ಇಲ್ಲ. ಮನೆಯ ಕಾರ್ಡಿನಲ್ಲಿ ಮನೆಯವರು ಇರುತ್ತಾರೆ, ಹಸಿರು ಕಮ್ಮಿ. ಎರಡರಲ್ಲಿ ನಿಮಗೆ ಯಾವುದು ಬೇಕು? ಅಷ್ಟೇ ಪ್ರಶ್ನೆ. ಸರಿ ತಪ್ಪು ಅಂತ ಇಲ್ಲ, ನಿಮ್ಮ ಮನಸ್ಸಿಗೆ ಬಂದದ್ದು ಹೇಳಿ ಎಂದು ಭೂಮಿಕಾ ಮೊದಲೇ ಹೇಳಿದ್ದಳು.

ಊಟದ ಮೇಜಿನ ಮೇಲೆ ಫೋನನ್ನು ಸ್ಪೀಕರಿಗೆ ಹಾಕಿಟ್ಟು ಇಬ್ಬರೂ ಕೂತೆವು. ಮನೆಯ ಯಜಮಾನರು ಎಂದು ಪ್ರತಿ ಜೋಡಿಗೂ ಮೊದಲು ನಿಮ್ಮಪ್ಪನನ್ನು ಕೇಳುವುದು, ಆಮೇಲೆ ನನ್ನನ್ನು. ಸರ್ ಎಂದು ಶುರು ಮಾಡಿದ ಹುಡುಗಿ ಮೂರನೆಯ ಪ್ರಶ್ನೆಯ ಹೊತ್ತಿಗೆ ಅಪ್ಪಾಜಿ ಅನ್ನತೊಡಗಿದಳು, ನಿಮ್ಮಪ್ಪನ ಮಾತೇ ಹಾಗೆ. ನಾನು ಹಸಿರು ಗೊಂಬೆ ಎಲ್ಲಿ ಜಾಸ್ತಿಯಿದೆಯೋ ಅದನ್ನೇ ಹೇಳುತ್ತ ಹೋದೆ. ಬದುಕುವುದು ಬಿಟ್ಟು ಬೇರೇನು ಕೇಳಲಿ? ಹೆಚ್ಚುಕಮ್ಮಿ ಎಲ್ಲಕ್ಕೂ ಆಸ್ಪತ್ರೆ ಅಂದೆ. ನಿಮ್ಮಪ್ಪ ಮಾತ್ರ ಮನೆ, ಮನೆ, ಮನೆ. ಹಸಿರು ಕಮ್ಮಿ ಇರುವುದನ್ನೇ ಹುಡುಕಿ ಹುಡುಕಿ ಹೇಳಿದ ಹಾಗಿತ್ತು. ಸೂಜಿ ಕಂಡರೆ ಅಷ್ಟು ಭಯವೇ ನಿಮಗೆ ಎಂದು ನಾನು ಛೇಡಿಸಿದೆ. ನಕ್ಕರು.

ಕೊನೆಯಲ್ಲಿ ಒಂದು ಜೋಡಿ ಬಂತು. ಎರಡೂ ಆಸ್ಪತ್ರೆಯೇ. ಒಂದರಲ್ಲಿ ಒಂಬತ್ತು ಹಸಿರು ಗೊಂಬೆ, ಮನೆಯವರೂ ಪಕ್ಕದಲ್ಲಿರಬಹುದು. ಇನ್ನೊಂದರಲ್ಲಿ ಆರೇ ಹಸಿರು, ಯಾರೂ ಬರುವ ಹಾಗಿಲ್ಲ. ಎಂಥ ದಡ್ಡನೂ ಮೊದಲನೆಯದನ್ನೇ ಹೇಳಬೇಕು. ನಿಮ್ಮಪ್ಪ ನಿಧಾನಕ್ಕೆ ಎರಡನ್ನೂ ನೋಡಿ, ಆರು ಗೊಂಬೆಯದು ನನಗಿರಲಿ ಅಂದರು. ಕನ್ನಡಕ ಹಾಕಿಕೊಂಡು ನೋಡಿ ಎಂದು ನಾನು ಕೂಗಿದೆ. ಆ ಹುಡುಗಿ ದನಿ ಎಳೆದು, ‘ಸರಿ ಅಪ್ಪಾಜಿ’ ಅಂದಳು. ಅವಳ ಆ ‘ಸರಿ’ಯಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ಆಮೇಲೆ ನನ್ನನ್ನು ಕೇಳಿದಳು, ಒಂಬತ್ತು ಗೊಂಬೆಯದು ಅಂದೆ. ಕಾರ್ಡುಗಳನ್ನು ಕವರಿಗೆ ಹಾಕಿ, ಇಬ್ಬರೂ ಟೀ ಕುಡಿದೆವು.

ಮೇ ತಿಂಗಳು ಬಂತು. ಅದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ಬರೆಯದೆ ಮುಂದಕ್ಕೆ ಹೋಗಲಾಗುವುದಿಲ್ಲ. ಇಬ್ಬರಿಗೂ ಒಟ್ಟಿಗೇ ಜ್ವರ ಬಂತು, ಇಬ್ಬರಿಗೂ ಒಟ್ಟಿಗೇ ಉಸಿರು ಕಟ್ಟತೊಡಗಿತು. ಜ್ಞಾನೇಶ ಗುರುತಿದ್ದವರಿಗೆಲ್ಲ ಫೋನ್ ಮಾಡಿ, ಕಾಲಿಗೆ ಬೀಳುವುದೊಂದು ಬಾಕಿ, ಕೊನೆಗೆ ಶಿವಮೊಗ್ಗದಲ್ಲಿ ಆಕ್ಸಿಜನ್ ಇರುವ ಒಂದು ಬೆಡ್ ಹಿಡಿದ. ಒಂದೇ ಒಂದು. ಆಂಬುಲೆನ್ಸ್ ಗೇಟಿನ ಮುಂದೆ ನಿಂತಿತ್ತು, ಡ್ರೈವರ್ ಇಳಿಯದೆ ಹಾರ್ನ್ ಹಾಕುತ್ತಿದ್ದ. ಬೆರಳಿಗೆ ಹಾಕುವ ಯಂತ್ರದಲ್ಲಿ ನಿಮ್ಮಪ್ಪನದು ನನ್ನದಕ್ಕಿಂತ ಸ್ವಲ್ಪ ಕಮ್ಮಿಯೇ ತೋರಿಸುತ್ತಿತ್ತು. ಜ್ಞಾನೇಶ ಬಾಗಿಲ ಹೊರಗಿನಿಂದಲೇ, ದೊಡ್ಡಪ್ಪ ನೀವು ಹೊರಡಿ, ದೊಡ್ಡಮ್ಮನಿಗೆ ಸಂಜೆಯೊಳಗೆ ಇನ್ನೊಂದು ಹುಡುಕುತ್ತೇನೆ ಎಂದು ಗೋಗರೆದ. ಕೊಟ್ರಬಸಪ್ಪನೂ ಫೋನಿನಲ್ಲಿ, ಅಣ್ಣ ಹಟ ಮಾಡಬೇಡ ಅಂದ.

ನಿಮ್ಮಪ್ಪ ಕುರ್ಚಿಯಿಂದ ಏಳಲಿಲ್ಲ. ‘ನಾನು ಮನೆ ಅಂತ ಆವತ್ತೇ ಹೇಳಾಗಿದೆ. ಅವಳು ಆಸ್ಪತ್ರೆ ಅಂದಿದ್ದಾಳೆ. ಅವರವರು ಆರಿಸ್ಕೊಂಡಿದ್ದು ಅವರವರಿಗೆ, ಅದರಲ್ಲಿ ಜಗಳ ಯಾಕೆ?’ ಅಂದರು. ಅವರ ಗಂಟಲಿಂದ ಅಷ್ಟು ಉದ್ದದ ಮಾತು ಬಂದದ್ದು ಅದೇ ಕೊನೆ. ನನಗೆ ಬಾಯಿ ತೆರೆಯಲು ಉಸಿರಿರಲಿಲ್ಲ. ಜ್ಞಾನೇಶ ನನ್ನನ್ನು ಎತ್ತಿಕೊಂಡ ಹಾಗೇ ಕರೆದುಕೊಂಡು ಹೋದ.

ಸಂಜೆಯೊಳಗೆ ಇನ್ನೊಂದು ಬೆಡ್ ಸಿಗಲಿಲ್ಲ, ಮಾರನೆಯ ದಿನವೂ ಸಿಗಲಿಲ್ಲ. ಅವರು ಅದೇ ಕುರ್ಚಿಯಲ್ಲಿ ಹೋದರು. ನೀನು ಗದಗಿನಿಂದ ಲಾಕ್‌ಡೌನ್ ಪಾಸಿಗಾಗಿ ಅಲೆದೂ ಅಲೆದೂ ಬರಲಾಗದೆ, ಮಣ್ಣು ಮಾಡಿದ್ದನ್ನು ಮೊಬೈಲಿನಲ್ಲಿ ನೋಡಿದೆ. ನನಗಂತೂ ಡಿಸ್ಚಾರ್ಜ್ ಆಗುವವರೆಗೆ ಯಾರೂ ಹೇಳಲೇ ಇಲ್ಲ.

ಆಮೇಲೆ ನೀನು ಬಂದವಳು ಒಂದೇ ಒಂದು ಮಾತು ಕೇಳಿದೆ. ಅಪ್ಪ ತಾವಾಗಿಯೇ ಮನೆ ಅಂದ್ರಾ ಅಮ್ಮ? ಹೌದು ಅಂದೆ. ಫೆಬ್ರವರಿಯಲ್ಲೇ, ಜ್ವರವಿಲ್ಲ ಏನಿಲ್ಲ, ಬುದ್ಧಿ ನೆಟ್ಟಗಿದ್ದಾಗಲೇ ಹಾಗೆ ಹೇಳಿದ್ದರು, ಒಂದು ಸಲ ಅಲ್ಲ ಪ್ರತಿ ಸಲ ಅಂದೆ. ಆಮೇಲೆ ನೀನು ಸಮಾಧಾನ ಮಾಡಿಕೊಂಡೆ. ವರ್ಷದ ಪುಣ್ಯಸ್ಮರಣೆಯ ದಿನ ಸ್ವಾಮಿಗಳೆದುರು ಎದ್ದು ನಿಂತು, ನಮ್ಮಪ್ಪ ತಾವು ಬಯಸಿದ ಹಾಗೇ ತಮ್ಮ ಮನೆಯಲ್ಲೇ ಹೋದರು ಎಂದು ಹೇಳಿದೆ. ಎಲ್ಲರೂ ತಲೆಯಾಡಿಸಿದರು. ತನು, ಆ ಒಂದು ಮಾತಿನ ಮೇಲೆ ನಾನು ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ. ಒಂಟಿ ಹಾಸಿಗೆಯಲ್ಲಿ ಎಚ್ಚರವಾದಾಗಲೆಲ್ಲ, ಅವರು ಕೇಳಿದ್ದು ಅವರಿಗೆ ಸಿಕ್ಕಿತು, ನಾನು ಕೇಳಿದ್ದು ನನಗೆ ಸಿಕ್ಕಿತು ಎಂದುಕೊಂಡು ಮಗ್ಗುಲು ತಿರುಗಿಸಿದ್ದೇನೆ.

ಇಲ್ಲಿಯವರೆಗೆ ಬರೆದು ಎದ್ದು ಹೋಗಿ ಮುಖ ತೊಳೆದು ಬಂದೆ. ಶಾಂತಮ್ಮ ಕೋಲು ಕುಟ್ಟುತ್ತ ಬಂದು ಒಂದು ಬಟ್ಟಲು ಪಾಯಸ ಕೊಟ್ಟು, ಏನು ಬರೀತಿದ್ದೀ ಮಾರಾಯ್ತಿ ಎಂದು ಇಣುಕಿದಳು. ಮಗಳಿಗೆ ಉಪ್ಪಿನಕಾಯಿ ಹಾಕುವ ಕ್ರಮ ಅಂದೆ.

ಫೋನಿನ ವಿಷಯಕ್ಕೆ ಮತ್ತೆ ಬರುತ್ತೇನೆ. ನಿಮ್ಮಪ್ಪ ತೀರಿಕೊಂಡರು ಎಂದು ಹೇಳಿ, ನಿಮ್ಮ ಪಟ್ಟಿಯಿಂದ ನಮ್ಮ ಮನೆಯನ್ನೇ ತೆಗೆದುಹಾಕಿ ಎಂದು ಜೋರು ಮಾಡಿದೆ. ಭೂಮಿಕಾ ತಪ್ಪಾಯಿತು ಅಮ್ಮಾ ಅಂದಳು. ಅವಳ ದನಿ ಇಳಿದುಹೋಗಿತ್ತು. ಅಪ್ಪಾಜಿ ಯಾವ ಆಸ್ಪತ್ರೆಯಲ್ಲಿದ್ದರು ಎಂದು ಕೇಳಿದಳು. ಆಸ್ಪತ್ರೆಗೆ ಹೋಗಲೇ ಇಲ್ಲಮ್ಮ, ಅವರಿಗೆ ಮನೆಯೇ ಬೇಕಿತ್ತು, ನಿನಗೇ ಹೇಳಿದ್ದರಲ್ಲ ಅಂದೆ. ಅವಳು ದನಿ ಎಳೆದು, ‘ಸರಿ ಅಮ್ಮಾ’ ಅಂದಳು.

ಅದೇ ‘ಸರಿ’. ಆರು ಗೊಂಬೆಯ ಕಾರ್ಡಿಗೆ ಹೇಳಿದ್ದಳಲ್ಲ, ಅದೇ. ಈ ಹುಡುಗಿಗೆ ಏನೋ ಗೊತ್ತಿದೆ, ಹೇಳುತ್ತಿಲ್ಲ ಎಂದು ಖಾತ್ರಿಯಾಯಿತು. ಎರಡು ದಿನ ನನ್ನ ಪಾಡಿಗೆ ನಾನಿರಲು ನೋಡಿದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಸೋಮವಾರ ಬೆಳಿಗ್ಗೆ ಅವಳಿಗೆ ಫೋನ್ ಮಾಡಿ ಆಫೀಸಿನ ವಿಳಾಸ ತಿಳಿದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ.

ಕೋಟೆಯ ಹತ್ತಿರ ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲೆ ಅವರ ಆಫೀಸು. ಮೆಟ್ಟಿಲು ಹತ್ತುವಷ್ಟರಲ್ಲಿ ನನಗೆ ಏದುಸಿರು ಬಂತು. ಭೂಮಿಕಾಳನ್ನು ಮೊದಲ ಸಲ ಕಣ್ಣಾರೆ ನೋಡಿದೆ. ನಾನು ಅಂದುಕೊಂಡಿದ್ದಕ್ಕಿಂತ ಸಣ್ಣವಳು, ನಮ್ಮ ಪುನೀತನಿಗೆ ಅಕ್ಕನಾಗಬಹುದು ಅಷ್ಟೇ. ಓಡಿಬಂದು ಕೈ ಹಿಡಿದು ಕೂರಿಸಿದಳು, ನೀರು ಕೊಟ್ಟಳು. ಏನು ಗೊತ್ತಿದೆಯೋ ಹೇಳು ಅಂದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ ಅಮ್ಮಾ, ನಮ್ಮ ಕೆಲಸದ ನಿಯಮ ಅದು ಅಂದಳು. ನಲವತ್ಮೂರು ವರ್ಷ ಅವರ ಜೊತೆ ಬಾಳಿದವಳು ನಾನು, ಹೇಳದೆ ಇಲ್ಲಿಂದ ಏಳುವುದಿಲ್ಲ ಅಂದೆ. ಅವಳು ಒಳಗೆ ಹೋಗಿ ಅವರ ಮೇಡಂ ಹತ್ತಿರ ಏನೋ ಮಾತಾಡಿ ಬಂದಳು. ಬಂದು ನನ್ನೆದುರು ಕೂತಳು.

ಆ ಕೊನೆಯ ಜೋಡಿ ಒಂದು ಪರೀಕ್ಷೆಯಂತೆ. ಎರಡರಲ್ಲಿ ಒಂದು ಎಲ್ಲ ರೀತಿಯಿಂದಲೂ ಒಳ್ಳೆಯದು, ಇನ್ನೊಂದು ಎಲ್ಲ ರೀತಿಯಿಂದಲೂ ಕೆಟ್ಟದ್ದು. ಕೆಟ್ಟದ್ದನ್ನು ಆರಿಸಿದವರು ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದು ಲೆಕ್ಕ, ಅವರ ಎಲ್ಲ ಉತ್ತರಗಳನ್ನೂ ಪಕ್ಕಕ್ಕಿಡುತ್ತಾರೆ. ಆದರೆ ನಮ್ಮ ಕಡೆ ಹಾಗೆ ಆರಿಸಿದ ಹಿರಿಯರು ತೀರ ಜಾಸ್ತಿ ಬಂದುಬಿಟ್ಟರಂತೆ. ಕಾರ್ಡಿನಲ್ಲೇ ಏನಾದರೂ ಗೊಂದಲವಿದೆಯೇ ಎಂದು ತಿಳಿಯಲು ಅವರಿಗೆಲ್ಲ ಇನ್ನೊಮ್ಮೆ ಫೋನ್ ಮಾಡಿದರು. ನಿಮ್ಮಪ್ಪನಿಗೂ ಮಾಡಿದಳು. ಆ ಫೋನ್ ನನಗೂ ನೆನಪಿದೆ. ನಾನು ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿಸುತ್ತಿದ್ದೆ. ಯಾರ್ರೀ ಅದು ಎಂದು ಕೇಳಿದ್ದಕ್ಕೆ, ಗೊಂಬೆ ಲೆಕ್ಕದ ಹುಡುಗಿ ಅಂದಿದ್ದರು.

ನಿಮ್ಮಪ್ಪ ಅವಳಿಗೆ ಏನು ಹೇಳಿದ್ದರು ಎಂದು ಅವಳ ಬಾಯಲ್ಲೇ ಕೇಳು. ‘ಅಪ್ಪಾಜಿ ನನ್ನನ್ನೇ ಬೈದರು ಅಮ್ಮಾ. ಎರಡು ಪಾಲು ಇಟ್ಟು ನನ್ನನ್ನ ಮೊದಲು ಕೇಳ್ತೀಯಲ್ಲ ಮಗಾ, ಇದು ಯಾವ ಸೀಮೆ ನ್ಯಾಯ? ಮನೇಲಿರೋದು ಇಬ್ರು. ಮೊದಲು ಎತ್ಕೊಳ್ಳೋನು ಒಳ್ಳೇದನ್ನ ಎತ್ಕೊಂಡ್ರೆ ಆಮೇಲಿನವರಿಗೆ ಉಳಿಯೋದು ಏನು? ಅದಕ್ಕೇ ಸಣ್ಣದನ್ನ ನನಗಿಟ್ಟುಕೊಂಡೆ ಅಂದರು.’

ತನು, ಆ ಕಾರ್ಡುಗಳನ್ನು ನಿಮ್ಮಪ್ಪ ಪಾಲು ಅಂದುಕೊಂಡಿದ್ದರು. ತಾವು ಒಂದನ್ನು ತೆಗೆದುಕೊಂಡರೆ ಉಳಿದದ್ದು ನನಗೆ ಬರುತ್ತದೆ ಎಂದು. ಬೇರೆ ಯಾರಾದರೂ ಆಗಿದ್ದರೆ ನಾನು ನಂಬುತ್ತಿರಲಿಲ್ಲ. ಆದರೆ ಆ ಮನುಷ್ಯ ಇಡೀ ಜನ್ಮ ಮಾಡಿದ್ದೇ ಅದು. ಊರಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು ಬೇರೆಯಾದಾಗ ಜಮೀನು ಪಾಲು ಮಾಡಿದವರು ಅವರು. ಹಿರಿಯ ಪಾಲು ಹಾಕಬೇಕು, ಕಿರಿಯ ಮೊದಲು ಆರಿಸಬೇಕು, ಹಾಕಿದವನು ಉಳಿದದ್ದನ್ನು ತಗೋಬೇಕು ಎಂದು ಅವರ ಮನೆಯ ಕ್ರಮ. ಕೊಟ್ರಬಸಪ್ಪ ರಸ್ತೆ ಪಕ್ಕದ್ದನ್ನು ಎತ್ತಿಕೊಂಡ, ನಮಗೆ ನೀರಿನ ಚಾನಲ್ ಪಕ್ಕದ ಜೌಗು ನೆಲ ಬಂತು. ಅದಕ್ಕೆ ನಾನು ಎಷ್ಟು ವರ್ಷ ಅವರನ್ನು ಬೈದಿದ್ದೇನೆ ಎಂದು ನಿನಗೆ ಗೊತ್ತು. ದೋಸೆ ಹಾಕಿದರೆ ಸೀದದ್ದು ಅವರಿಗೆ, ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟು ಅವರಿಗೆ. ಇದನ್ನೆಲ್ಲ ಕಣ್ಣಮುಂದೆ ನೋಡುತ್ತ ಬಂದವಳಿಗೆ ಆವತ್ತು ಆ ಮೇಜಿನ ಮೇಲೆ ಕಾಣಲಿಲ್ಲವಲ್ಲ.

ನಾನು ಅಷ್ಟಕ್ಕೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಸರಿ, ತಪ್ಪು ತಿಳಿದುಕೊಂಡರು, ಆದರೂ ಅವರ ಮನಸ್ಸಿನಲ್ಲಿ ಮನೆಯೇ ಇತ್ತಲ್ಲವೇ ಎಂದು ಕೇಳಿದೆ. ಭೂಮಿಕಾ ನೆಲ ನೋಡತೊಡಗಿದಳು. ನಾನು ಅವಳ ಗಲ್ಲ ಹಿಡಿದು ಎತ್ತಿದೆ. ಆಮೇಲೆ ಹೇಳಿದಳು. ಇದು ಪಾಲಲ್ಲ ಅಪ್ಪಾಜಿ, ನೀವು ಏನು ಆರಿಸಿದರೂ ಅಮ್ಮನಿಗೆ ಏನೂ ಕಮ್ಮಿಯಾಗುವುದಿಲ್ಲ, ನಿಮ್ಮೊಬ್ಬರದೇ ಕೇಳುತ್ತಿದ್ದೇನೆ, ನಿಮಗೆ ಕಾಯಿಲೆ ಬಂದರೆ ಮನೆಯೋ ಆಸ್ಪತ್ರೆಯೋ ಎಂದು ಬಿಡಿಸಿ ಕೇಳಿದಳಂತೆ. ನಿಮ್ಮಪ್ಪ ಸ್ವಲ್ಪವೂ ಯೋಚಿಸಲಿಲ್ಲವಂತೆ.

‘ಹಂಗಾದ್ರೆ ಆಸ್ಪತ್ರೆ ಕಣಮ್ಮ. ಸಾಯೋಕೆ ಯಾರಿಗೆ ಇಷ್ಟ? ಮೊಮ್ಮಗನ ಮದುವೆ ನೋಡಬೇಕು ನಾನು.’

ಕೆಳಗೆ ಅಂಗಡಿಯಲ್ಲಿ ಯಾರೋ ಪಾತ್ರೆ ಬಡಿದು ಸದ್ದು ನೋಡುತ್ತಿದ್ದರು. ಅದೊಂದೇ ನನಗೆ ಕೇಳಿಸುತ್ತಿದ್ದದ್ದು. ಅವರಿಗೆ ಬದುಕಬೇಕಿತ್ತು, ತನು. ನನ್ನಷ್ಟೇ ಬದುಕಬೇಕಿತ್ತು. ಆ ಕುರ್ಚಿಯಲ್ಲಿ ಕೂತು ಅವರವರು ಆರಿಸಿಕೊಂಡಿದ್ದು ಅವರವರಿಗೆ ಎಂದು ಹೇಳುವಾಗ, ಆ ಕಾರ್ಡುಗಳಿಗೂ ಬೆಡ್ಡಿಗೂ ಸಂಬಂಧವಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಬಾಯಿ ಮುಚ್ಚಿಸಲು ಅದನ್ನು ನೆಪ ಮಾಡಿಕೊಂಡರು. ನಾವು ಅದನ್ನು ಪುಣ್ಯಸ್ಮರಣೆಯಲ್ಲಿ ಹೊಗಳಿದೆವು.

ಹಾಗಾದರೆ ಅವರ ಆ ಉತ್ತರ ಎಲ್ಲಿದೆ ಎಂದು ಕೇಳಿದೆ. ಆಸ್ಪತ್ರೆ ಬೇಕು ಅಂದವರ ಲೆಕ್ಕದಲ್ಲಾದರೂ ಸೇರಿದೆಯೇ ಎಂದು. ಇಲ್ಲವಂತೆ. ಪರೀಕ್ಷೆಯ ಜೋಡಿಯಲ್ಲಿ ತಪ್ಪಿದ ಮೇಲೆ ಹಿಂದಿನದೂ ಸೇರುವುದಿಲ್ಲ, ಆಮೇಲಿನದೂ ಸೇರುವುದಿಲ್ಲ. ಹುಡುಗಿ ಅಳುತ್ತಿದ್ದಳು. ನಾನು ಅವಳ ಬೆನ್ನು ಸವರಿ, ನಿನ್ನ ತಪ್ಪೇನಿದೆ, ನೀನು ಕೇಳಿದ್ದಕ್ಕೆ ನನಗೆ ಇಷ್ಟಾದರೂ ಗೊತ್ತಾಯಿತು ಅಂದೆ. ಬಾಯಿ ಹಾಗೆ ಅಂದಿತು. ಗೊತ್ತಾಗದೆ ಇದ್ದಿದ್ದರೆ ಎಂದು ಒಳಗೆ ಅನ್ನಿಸುತ್ತಲೇ ಇತ್ತು.

ಏಳುವ ಮುಂಚೆ, ನನ್ನ ಎರಡನೇ ರೌಂಡು ಈಗಲೇ ಮುಗಿಸಿಬಿಡು ಅಂದೆ. ಬೇಡ ಅಮ್ಮಾ ಅಂದಳು. ನಾನು ಬಿಡಲಿಲ್ಲ. ಮತ್ತೆ ಅವೇ ಕಾರ್ಡು, ಅವೇ ಗೊಂಬೆ. ಕೊನೆಯ ಜೋಡಿ ಬಂದಾಗ ಒಂಬತ್ತು ಹಸಿರು ಗೊಂಬೆಯ ಕಾರ್ಡನ್ನು ಹಾಗೇ ಬಿಟ್ಟು ಆರರದ್ದರ ಮೇಲೆ ಬೆರಳಿಟ್ಟೆ. ನನ್ನದನ್ನೂ ಪಕ್ಕಕ್ಕಿಡಲಿ, ಅವರದ್ದು ಎಲ್ಲಿದೆಯೋ ಅಲ್ಲೇ ಇರಲಿ ಎಂದು. ಭೂಮಿಕಾ ಈ ಸಲ ಸರಿ ಅನ್ನಲಿಲ್ಲ.

ಬಸ್ಸಿನಲ್ಲಿ ಕೂತವಳಿಗೆ ಭದ್ರಾವತಿ ಬಂದದ್ದೂ ತಿಳಿಯಲಿಲ್ಲ. ಕಂಡಕ್ಟರ್, ‘ಅಜ್ಜಿ, ಲಾಸ್ಟ್ ಸ್ಟಾಪ್’ ಎಂದು ಕೂಗಿದ ಮೇಲೆ ಇಳಿದೆ. ಮನೆಗೆ ಬಂದು ಆ ಕುರ್ಚಿಯನ್ನು ನೋಡಿದೆ. ನೀನು ಅದನ್ನು ಪಾಲಿಶ್ ಮಾಡಿಸಿ ಫೋಟೋ ಕೆಳಗೆ ಇಡಿಸಿದ್ದೀಯಲ್ಲ, ಅಪ್ಪ ಇಷ್ಟಪಟ್ಟು ಕೂತ ಜಾಗ ಎಂದು. ಅದನ್ನು ಎತ್ತಿ ಹಿತ್ತಿಲ ಬಚ್ಚಲುಮನೆಯ ಪಕ್ಕಕ್ಕೆ ಇಟ್ಟಿ‍ದ್ದೇನೆ. ಮುಂದೆ ಬಂದಾಗ ಕಾಣಿಸಲಿಲ್ಲ ಎಂದು ಹುಡುಕಬೇಡ.

ನಿನಗೆ ಹೇಳಬೇಕೋ ಬೇಡವೋ ಎಂದು ಒಂದು ವಾರ ಒದ್ದಾಡಿದೆ. ನಿನ್ನ ನೆಮ್ಮದಿಯನ್ನು ಕಿತ್ತುಕೊಳ್ಳಲು ನಾನು ಯಾರು ಎಂದುಕೊಂಡೆ. ಆದರೆ ನಿಮ್ಮಪ್ಪನಿಗೆ ಬದುಕುವ ಆಸೆಯಿತ್ತು ಎಂಬುದು ಆ ಹುಡುಗಿಗೆ ಗೊತ್ತು, ಅವಳ ಮೇಡಂಗೆ ಗೊತ್ತು, ಹೆತ್ತ ಮಗಳಿಗೆ ಗೊತ್ತಿಲ್ಲ ಅಂದರೆ ಹೇಗೆ? ಯಾರ ಲೆಕ್ಕಕ್ಕೂ ಸೇರದ ಅವರ ಆ ಉತ್ತರ ನಿನ್ನ ಹತ್ತಿರವಾದರೂ ಇರಲಿ. ಪುನೀತನಿಗೂ ದೊಡ್ಡವನಾದ ಮೇಲೆ ಹೇಳು, ತಾತ ನಿನ್ನ ಮದುವೆ ನೋಡಬೇಕು ಅಂದಿದ್ದರು ಎಂದು.

ಕಾಗದ ಓದಿ ತಕ್ಷಣ ಫೋನ್ ಮಾಡಬೇಡ. ಎರಡು ದಿನ ಬಿಟ್ಟು ಮಾಡು. ಅಳಿಯಂದಿರ ಮುಂದೆ ಅಳಬೇಕೆನಿಸಿದರೆ ಅಳು, ತಡೆದುಕೊಳ್ಳಬೇಡ. ಪುನೀತನಿಗೆ ಸಂಜೆ ಹೊತ್ತು ತಣ್ಣೀರು ಕೊಡಬೇಡ. ಗುರುವಿನ ಕೃಪೆ ನಿಮ್ಮ ಮನೆಯ ಮೇಲೆ ಸದಾ ಇರಲಿ, ನಿನ್ನ ಕುಂಕುಮ ನೂರು ಕಾಲ ಬಾಳಲಿ, ನಿನ್ನ ಮಗ ನಿನ್ನ ಕಣ್ಣೆದುರು ಬೆಳೆಯಲಿ.

ಇಂತಿ ನಿನ್ನ ಅಮ್ಮ,
ಸುಭದ್ರಮ್ಮ

ಮರೆತದ್ದು: ಈ ಸಲ ಕೆಳಗೆ ಎರಡು ಸಾಲಿನ ಜಾಗ ಬಿಟ್ಟಿದ್ದೆ. ನಿಮ್ಮಪ್ಪನ ಜಾಗ. ಬರೆಯಲು ಅವರಿಲ್ಲದ್ದರಿಂದ ನಾನೇ ಬರೆಯುತ್ತೇನೆ.

ಭೂಮಿಕಾ ಹೇಳಿದ್ದರಲ್ಲಿ ಒಂದನ್ನು ಮೇಲೆ ಬರೆಯಲಾಗಲಿಲ್ಲ. ನಿಮ್ಮಪ್ಪ ಆಸ್ಪತ್ರೆ ಅಂದ ಮೇಲೆ, ಹಾಗೇ ಬರೆದುಕೊಳ್ಳಲಾ ಅಪ್ಪಾಜಿ ಎಂದು ಅವಳು ಕೇಳಿದಳಂತೆ. ಅವರು ದನಿ ತಗ್ಗಿಸಿ, ‘ಬರ್ಕೋಬೇಡ ಮಗಾ, ಅವಳು ಒಳಗಿದ್ದಾಳೆ. ನಂಗೂ ಅದೇ ಬೇಕು ಅಂತ ಅವಳ ಕಿವಿಗೆ ಬಿದ್ರೆ ನಾಳೆ ತನ್ನದನ್ನ ನಂಗೆ ಬಿಟ್ಟುಕೊಟ್ಟುಬಿಡ್ತಾಳೆ’ ಅಂದರಂತೆ. ಅಷ್ಟು ನಂಬಿದ್ದರು ನನ್ನನ್ನು. ಆಫೀಸಿನಲ್ಲಿ ಆರು ಗೊಂಬೆಯ ಮೇಲೆ ಬೆರಳಿಟ್ಟೆ ಎಂದು ನನ್ನನ್ನು ದೊಡ್ಡವಳು ಅಂದುಕೊಳ್ಳಬೇಡ. ಕಾರ್ಡಿನ ಮೇಲೆ ಯಾರು ಬೇಕಾದರೂ ಬೆರಳಿಡಬಹುದು. ಆವತ್ತು ಜ್ಞಾನೇಶ, ದೊಡ್ಡಪ್ಪ ನೀವು ಹೊರಡಿ ಅಂದ. ಕೊಟ್ರಬಸಪ್ಪ ಅಂದ. ನಾನು ಅನ್ನಲಿಲ್ಲ. ಬಾಯಿ ತೆರೆಯಲು ಉಸಿರಿರಲಿಲ್ಲ ಎಂದು ಮೇಲೆ ಬರೆದಿದ್ದೇನೆ, ಒಂದು ವರ್ಷದಿಂದ ಎಲ್ಲರಿಗೂ ಹಾಗೇ ಹೇಳಿದ್ದೇನೆ. ಚಾರ್ಜರ್ ಕೇಳುವಷ್ಟು ಉಸಿರಿತ್ತು, ಮಗಳೇ.